ಕೊಡೆ ಕಾರ್ಖಾನೆಯ ಬೋರ್ಡು

ಕುದಿಯುವ ಟೀ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದ ಸೈಕಲ್ ಶಾಪಿನವನು ಅದನ್ನು ಅಂಗಳದ ಬೋರ್ಡಿನ ಮೇಲೆ ಧೊಪ್ಪನೆ ಇಳಿಸಿದ. ಸಾವಿನ ಮನೆಗೆ ಬಂದವರಿಗೆ ಟೀ ಕೊಡಲು ಮೇಜಿಲ್ಲದೆ, ಗೋಡೆಗೆ ಒರಗಿದ್ದ ತಗಡಿನ ಬೋರ್ಡನ್ನೇ ಎರಡು ಸ್ಟೂಲುಗಳ ಮೇಲೆ ಅಡ್ಡ ಹಾಕಿದ್ದರು. 'ಕೊಡೆ ಕಾರ್ಖಾನೆ' ಎಂದು ದಪ್ಪ ಹಸಿರು ಅಕ್ಷರ. ಕೆಳಗೆ, 'ಅಭಿವೃದ್ಧಿ ನಿಗಮದ ನೆರವಿನಿಂದ ನೂರು ಜನರಿಗೆ ಕೆಲಸ'. ಅದನ್ನು ಬರೆದ ಪೇಂಟರ್ ಬಣ್ಣದಣ್ಣ ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

"ಅಯ್ಯೋ, ಬಣ್ಣ ಎದ್ದುಬಿಡ್ತಲ್ಲೋ!" ಎಂದಳು ಪಕ್ಕದ ಮನೆಯ ಟೈಲರಮ್ಮ.

"ಅಣ್ಣ ಬದುಕಿದ್ದಿದ್ರೆ ನನ್ನ ಚರ್ಮ ಸುಲೀತಿದ್ದ." ಅವನು ಗಾಬರಿಯಿಂದ ಪಾತ್ರೆ ಎತ್ತಿದ. ಹಸಿರು ಬಣ್ಣ ಪೊರೆಯ ಹಾಗೆ ಕಳಚಿಕೊಂಡು, ಅಡಿಯಿಂದ ಕೆಂಪು ಅಕ್ಷರ ಇಣುಕಿತು: 'ಆಟಿಕೆ'.

ಅಷ್ಟರಲ್ಲಿ ನಿಗಮದ ಮ್ಯಾನೇಜರು ಬಂದರು. ದೊಡ್ಡ ಹೂವಿನ ಹಾರ ತಂದಿದ್ದರು. ಹಾರದ ಹಿಂದೆಯೇ ಕೆಲಸವೂ ಬಂದಿತ್ತು.

"ಅಮ್ಮಾ, ಇಂಥಾ ಹೊತ್ತಲ್ಲಿ ಕೇಳಬಾರದು," ಎಂದರು ಬಣ್ಣದಣ್ಣನ ಹೆಂಡತಿಗೆ. "ನಾಳೆ ತನಿಖೆಯವರು ಬರ್ತಾರೆ. ಬೋರ್ಡು ಇವತ್ತೇ ಕಾರ್ಖಾನೆ ಶೆಡ್ಡಿಗೆ ಹಾಕಿಸಬೇಕು."

ಅವಳ ಮೈದುನ ಅದೇ ಶೆಡ್ಡಿನ ಕಾವಲುಗಾರ. ಡ್ಯೂಟಿಯಿಂದ ಓಡಿಬಂದವನು ಖಾಕಿ ಟೋಪಿಯನ್ನೂ ತೆಗೆದಿರಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದ. "ಕೊಟ್ಟುಬಿಡಿ ಅತ್ತಿಗೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

*

ಹಿಂದೆ ಆಟಿಕೆ ಕಾರ್ಖಾನೆಯ ಬೋರ್ಡು ಬರೆಯುವಾಗ ಅವಳು ಗಂಡನ ಪಕ್ಕದಲ್ಲೇ ಕೂತಿದ್ದಳು.

"ಗೊಂಬೆಗೆ ಬಟ್ಟೆ ಹೊಲಿಯೋರು ಬೇಕಾಗ್ತಾರಲ್ವಾ? ನನಗೂ ಒಂದು ಮಾತು ಕೇಳಿ."

"ಮೊದಲು ಬಣ್ಣ ಒಣಗಲಿ, ತಡಿ," ಎಂದು ಅವನು ನಕ್ಕಿದ್ದ.

ಬಣ್ಣ ಒಣಗಿತು. ಬೀದಿಯ ಹೆಂಗಸರೆಲ್ಲ ತಲೆ ಬಾಚಿಕೊಂಡು ಶೆಡ್ಡಿಗೆ ಹೋದರು. ನಿಗಮದ ದೊಡ್ಡವರು ಬಂದು, ಇವರನ್ನು ಸಾಲಾಗಿ ನಿಲ್ಲಿಸಿ, ಕಾರ್ಮಿಕರು ಎಂದು ಫೋಟೋ ತೆಗೆಸಿದರು. ಒಳಗೆ ಒಂದು ಸೂಜಿಯೂ ಇರಲಿಲ್ಲ. ಇದ್ದದ್ದು ಪಾರಿವಾಳಗಳು. ಮರುದಿನ ಬೀಗ ಬಿತ್ತು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದ್ದಳು.

"ಗೊತ್ತಿತ್ತು. ತಮ್ಮನಿಗೆ ಅಲ್ಲೇ ಕೆಲಸ ಕೊಟ್ಟಿದ್ದಾರೆ. ನಾನು ಬಾಯಿ ಬಿಟ್ರೆ ಅವನ ಅನ್ನ ಹೋಗುತ್ತೆ."

ಆಮೇಲೆ ಎಷ್ಟೋ ದಿನ ಅವಳು ಅವನಿಗೆ ಊಟ ಬಡಿಸಿದಳೇ ಹೊರತು ಮಾತು ಬಡಿಸಲಿಲ್ಲ. ಮೊನ್ನೆ ಕೊಡೆಯ ಬೋರ್ಡು ಮುಗಿಸಿ ಬ್ರಷ್ ತೊಳೆಯುತ್ತಾ ಅವನೇ ಹೇಳಿದ್ದ: "ಒಂದೇ ಶೆಡ್ಡಿಗೆ ಎಷ್ಟು ಸಲ ಹೆಸರಿಡಲಿ? ತನಿಖೆಯವರು ಬರಲಿ, ಈ ಸಲ ಎಲ್ಲಾ ಹೇಳಿಬಿಡ್ತೀನಿ."

ಅವಳು ನಂಬಿರಲಿಲ್ಲ. "ನೋಡೋಣ," ಎಂದಿದ್ದಳು. ಅವನಿಗೆ ಆಡಿದ ಕೊನೆಯ ಮಾತು ಅದೇ ಆಯಿತು.

*

ಅವಳು ಎದ್ದು ಒಳಗೆ ಹೋಗಿ, ಗಂಡನ ಸಾಮಾನಿನ ಡಬ್ಬದಿಂದ ಬಣ್ಣ ಕೆರೆಯುವ ಪಟ್ಟಿ ತಂದಳು. ಅದಕ್ಕೆ ತುಕ್ಕು ಹಿಡಿದಿತ್ತು. ಕೆರೆಯುವ ಕೂಲಿ ಯಾಕೆ ದಂಡ ಎಂದು ನಿಗಮದವರು ಪ್ರತಿ ಸಲವೂ ಹಳೆಯ ಹೆಸರಿನ ಮೇಲೇ ಹೊಸದು ಬರೆಸುತ್ತಿದ್ದರು. ಕೆಳಗಿನ 'ನೂರು ಜನರಿಗೆ ಕೆಲಸ' ಎಂಬ ಸಾಲನ್ನಂತೂ ಮುಟ್ಟುತ್ತಲೇ ಇರಲಿಲ್ಲ.

ಅವಳು ಎರಡು ಕೈಯಲ್ಲೂ ಒತ್ತಿ ಕೆರೆದಳು. ಮಧ್ಯದಲ್ಲಿ 'ಆಟಿಕೆ' ಪೂರ್ತಿ ಕಂಡಿತು. ಬಲಗಡೆ ಇನ್ನೂ ಆಳಕ್ಕೆ ಹೋದಾಗ ನೀಲಿಯಲ್ಲಿ 'ಐಸ್' ಎದ್ದಿತು.

"ಐಸ್ ಕಾರ್ಖಾನೆ! ನಮ್ಮಪ್ಪ ಅರ್ಜಿ ಹಾಕಿದ್ದರು," ಎಂದ ಸೈಕಲ್ ಶಾಪಿನವನು.

"ಏನಮ್ಮಾ ಇದು? ಸರ್ಕಾರದ ಆಸ್ತಿ!" ಮ್ಯಾನೇಜರ ದನಿ ಏರಿತು.

"ಹೌದು ಸಾರ್. ಸರ್ಕಾರದ್ದು ಅಂದ್ರೆ ನಮ್ಮದೂ ತಾನೆ? ನಾವೂ ಒಂದು ಸಲ ಓದ್ಕೋತೀವಿ."

ಶವದ ಗಾಡಿ ಬಂತು. ಬಣ್ಣದಣ್ಣನನ್ನು ಮಲಗಿಸಿದ ಮೇಲೆ ಅವಳು ಬೋರ್ಡು ತೋರಿಸಿದಳು. "ಇದನ್ನ ಗಾಡಿ ಮುಂದೆ ಕಟ್ಟಿ. ನಿಗಮದ ಆಫೀಸಿನ ರಸ್ತೆಯಲ್ಲೇ ಹೋಗ್ಲಿ. ನಮ್ಮವರು ಎಲ್ಲಾ ಹೇಳಿಬಿಡ್ತೀನಿ ಅಂದಿದ್ರು."

ಯಾರೂ ಮುಂದೆ ಬರಲಿಲ್ಲ. ಮ್ಯಾನೇಜರು ಮೈದುನನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವನೂ ಅವರನ್ನು ನೋಡಿದ, ಗಾಡಿಯಲ್ಲಿ ಮಲಗಿದ್ದ ಅಣ್ಣನನ್ನು ನೋಡಿದ. ಆಮೇಲೆ ಬೋರ್ಡು ಎತ್ತಿ ಗಾಡಿಗೆ ಒರಗಿಸಿ, ಟೋಪಿ ತೆಗೆದು ಖಾಲಿ ಸ್ಟೂಲಿನ ಮೇಲಿಟ್ಟು ಹಗ್ಗಕ್ಕೆ ಕೈ ಹಾಕಿದ.

ಬೋರ್ಡು ನಿಂತಿತು. ಗಾಡಿಗೆ ಇಳಿಬಿಟ್ಟಿದ್ದ ನಿಗಮದ ಹಾರ ಅದರ ಕೆಳಸಾಲನ್ನು ಮುಚ್ಚಿತ್ತು. ಮೈದುನ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, 'ನೂರು ಜನರಿಗೆ ಕೆಲಸ' ಕಾಣುವ ಹಾಗೆ ಮಾಡಿ, ಗಂಟು ಬಿಗಿದ.