ಬಿಟ್ಟರೆ ನಿಲ್ಲುವ ಕುರ್ಚಿ

ತಂಗಿ ತೀರಿಕೊಂಡ ಸುದ್ದಿ ಬಂದ ದಿನ ನಾನು ನಡುಮನೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದೆ. ಕಿಟಕಿಯ ಹತ್ತಿರ ಫೋನು ಬಡಿದುಕೊಳ್ಳುತ್ತಿತ್ತು. ನನಗೂ ಅದಕ್ಕೂ ನಡುವೆ ನಾಲ್ಕು ಮಾರು. ಹನ್ನೊಂದು ವರ್ಷ ಆ ಕುರ್ಚಿಯನ್ನು ತಳ್ಳಿದವಳು ತಂಗಿಯೇ. ಆಸ್ಪತ್ರೆಯವರು ಮೂರು ಸಲ ಫೋನು ಮಾಡಿ ಸುಮ್ಮನಾದರು. ಕೊನೆಗೆ ಅವಳ ಸೊಸೆ ಓಡಿಬಂದು ಹೇಳಿದಳು.

ತಿಂಗಳ ಮೇಲೆ ಆಸ್ಪತ್ರೆಯಿಂದ ಮೋಟಾರಿನ ಗಾಲಿಕುರ್ಚಿ ಬಂತು. ಕಲಿಸಲು ಬಂದ ತರಬೇತಿಯವಳು ಮೊದಲೇ ಕರಾರು ಹೇಳಿದಳು. ನಾಲ್ಕನೆಯ ವಾರ ನಾನೊಬ್ಬಳೇ ರಸ್ತೆ ದಾಟಿ ಎದುರಿನ ಪ್ರಾರ್ಥನಾ ಮಂದಿರ ಮುಟ್ಟಬೇಕು. ತಪ್ಪಿದರೆ ಕುರ್ಚಿ ವಾಪಸ್ಸು. ನಾವು ಅಕ್ಕತಂಗಿ ದಿನಾ ಹೋಗುತ್ತಿದ್ದ ಜಾಗ ಅದು. ತಂಗಿ ಹೋದಮೇಲೆ ಅವಳಿಗಾಗಿ ಅಲ್ಲಿ ಕೈಮುಗಿಯುವುದು ನನ್ನಿಂದ ಆಗಿರಲಿಲ್ಲ. ಸೊಸೆಗೆ ಸೊಂಟನೋವು; ಮನೆಮುಂದಿನ ಇಳಿಜಾರಿನಲ್ಲಿ ನನ್ನ ಭಾರ ತಡೆಯಲಾರಳು.

ನನ್ನ ತಪ್ಪು ಒಂದೇ. ಹೆದರಿದರೆ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಂಡು “ನಿಲ್ಲಿಸೇ!” ಎಂದು ಕೂಗುತ್ತೇನೆ. ತಂಗಿ ನಿಲ್ಲಿಸುತ್ತಿದ್ದಳು. ಈ ಹೊಸ ಕುರ್ಚಿಯಲ್ಲಿ ಕೈಗೆ ಸಿಗುವುದು ಓಡಿಸುವ ಹಿಡಿಕೆ. ಎರಡನೆಯ ದಿನವೇ ಅಡಿಗೆಮನೆಯ ಬಾಗಿಲಿಗೆ ಗುದ್ದಿದೆ.

“ಆ ಬಾಗಿಲು ನಿಮಗೇನು ಮಾಡಿತ್ತು ದೊಡ್ಡತ್ತೆ?” ಎಂದಳು ಸೊಸೆ.

“ಭಯ ಆದ್ರೆ ಕೈ ಬಿಟ್ಬಿಡಿ ಅಜ್ಜಿ,” ಎಂದಳು ತರಬೇತಿಯವಳು. “ಬಿಟ್ರೆ ನಿಲ್ಲುತ್ತೆ, ಹಿಡಿದ್ರೆ ಓಡುತ್ತೆ. ಕೂಗಿದ್ರೆ ಕೇಳೋಕೆ ಇದಕ್ಕೆ ಕಿವಿ ಇಲ್ಲ.”

“ಎಪ್ಪತ್ನಾಲ್ಕು ವರ್ಷ ಹಿಡ್ಕೊಂಡೇ ಬದುಕಿದೀನಮ್ಮಾ. ಈಗ ಬಿಡು ಅಂದ್ರೆ?”

ಪರೀಕ್ಷೆಯ ದಿನ ಆಮೆಯ ಚಿತ್ರವಿದ್ದ ಗುಂಡಿ ಒತ್ತಿ, ವೇಗ ಕಡಿಮೆ ಮಾಡಿಕೊಂಡು ಹೊರಟೆ. ತರಬೇತಿಯವಳು ಹತ್ತು ಹೆಜ್ಜೆ ಹಿಂದೆಯೇ ನಿಂತಳು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಇಳಿಜಾರು ಮುಗಿದು ಚಕ್ರ ರಸ್ತೆಗೆ ತಾಗಿದಾಗ, ನಿಂತಿದ್ದ ವ್ಯಾನಿನ ಮರೆಯಿಂದ ಲಾರಿಯೊಂದು ಹಿಮ್ಮುಖವಾಗಿ ಬಂತು.

“ನಿಲ್ಲಿಸೇ ತಂಗೀ!”

ಕೈ ಬಿಗಿಯಿತು. ಕುರ್ಚಿ ಲಾರಿಯ ಕಡೆಗೇ ನಡೆಯಿತು. ತರಬೇತಿಯವಳು ಓಡಿಬರುವ ಸದ್ದು ದೂರದಲ್ಲಿತ್ತು. ಬೆನ್ನ ಹಿಂದೆ ತಂಗಿಯ ಉಸಿರಿಲ್ಲ. ಅವಳಿಲ್ಲವೆಂದು ನನಗೆ ಗೊತ್ತಿತ್ತು, ಅತ್ತೂ ಇದ್ದೆ; ನನ್ನ ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಬೆರಳು ಬಿಚ್ಚಿದೆ.

ಕುರ್ಚಿ ಜಗ್ಗಿ ನಿಂತಿತು. ನನ್ನ ಪಾದಕ್ಕೂ ಲಾರಿಯ ಚಕ್ರಕ್ಕೂ ಒಂದು ಗೇಣು. ಲಾರಿಯೂ ನಿಂತಿತು.

ಚಾಲಕ ತಲೆ ಹೊರಹಾಕಿದ. “ಕಣ್ಣು ಕಾಣಲ್ವಾ ಅಜ್ಜಿ?”

“ಕಾಣುತ್ತಪ್ಪಾ. ಕೈ ಮಾತು ಕೇಳಲಿಲ್ಲ.”

ತರಬೇತಿಯವಳು ಬಂದು ಕುರ್ಚಿಯ ಬೆನ್ನು ಹಿಡಿದಳು. “ಇವತ್ತಿಗೆ ಸಾಕು, ಮನೆಗೆ ಹೋಗೋಣ.”

“ಪರೀಕ್ಷೆ ಮುಗಿದಿಲ್ಲ. ನಿಲ್ಲಿಸಿದ್ದು ನಾನೇ, ನೋಡಿದೆಯಲ್ಲ?”

ಅವಳು ನನ್ನ ಕೈಯನ್ನೇ ನೋಡಿದಳು. ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದಳು. ಲಾರಿ ಹೋಯಿತು. ದಾಟಿದೆ.

ಮಂದಿರದೊಳಗೆ ತರಬೇತಿಯವಳು ಕಲಿಸಿದಂತೆ ಮೊದಲು ಕುರ್ಚಿಯ ಸ್ವಿಚ್ಚು ಆರಿಸಿದೆ. ಬಿಡುವಾದ ಎರಡೂ ಕೈ ಜೋಡಿಸಿದೆ.

ದೇವರೇ, ಹನ್ನೊಂದು ವರ್ಷ ನನ್ನ ಭಾರ ತಳ್ಳಿದವಳು ದಣಿದು ನಿನ್ನ ಹತ್ತಿರ ಬಂದಿದ್ದಾಳೆ. ಇನ್ನು ನಾನು ಅವಳನ್ನು ಕೂಗುವುದಿಲ್ಲ. ಅವಳನ್ನು ಕೂರಿಸಿಕೋ. ಅವಳ ಜೀವ ನಿನ್ನಲ್ಲಿ ತಣ್ಣಗಿರಲಿ.