ಇಪ್ಪತ್ತು ನಿಮಿಷದ ನಿದ್ದೆ

ನನ್ನ ಬಾಯಿ ಕತ್ತರಿಗಿಂತ ಹರಿತ ಎಂದು ಗಿರಾಕಿಗಳೇ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಹೊಲಿಗೆ ಅಂಗಡಿ ನಡೆಸುವವಳಿಗೆ ಎರಡೂ ಬೇಕು. ಆದರೆ ಆ ಬಾಯನ್ನು ಹನ್ನೊಂದು ವರ್ಷ ಸ್ವಂತ ತಮ್ಮನ ಮೇಲೆ ಮಸೆದೆನಲ್ಲ, ಅದನ್ನು ನೆನೆದರೆ ಈಗ ಅನ್ನ ಇಳಿಯುವುದಿಲ್ಲ.

ಅವನು ಮಷೀನಿನ ಮುಂದೆ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ರಾತ್ರಿ ಎಂಟು ತಾಸು ಮಲಗಿದರೂ ಅಷ್ಟೇ. ಕಾಲು ಮಾತ್ರ ತುಳಿಯುತ್ತಲೇ ಇರುತ್ತಿತ್ತು. ಹಾಗೊಮ್ಮೆ ಮದುಮಗನ ಕೋಟಿನ ತೋಳಿನ ತುದಿಯನ್ನು ಅಡ್ಡಕ್ಕೆ ಹೊಲಿದು ಮುಚ್ಚಿಬಿಟ್ಟ. ಮದುಮಗ ತೋಳೊಳಗೆ ಕೈ ತೂರಿಸಿ, "ಇದೇನ್ರೀ, ಕೋಟೋ ಚೀಲಾನೋ?" ಎಂದ. ಅಂಗಡಿಯೆಲ್ಲ ನಕ್ಕಿತು. ನಾನು ಬಿಡುತ್ತೇನೆಯೇ? ಅಂದೇ ತಮ್ಮನಿಗೆ ಜೊಂಪಣ್ಣ ಎಂದು ಹೆಸರಿಟ್ಟೆ. ಇಸ್ತ್ರಿಗೆ ಚಿಮುಕಿಸಲು ಚೊಂಬಿನಲ್ಲಿ ನೀರು ಇದ್ದೇ ಇರುತ್ತಿತ್ತು. ಅವನ ತಲೆ ವಾಲಿದಾಗಲೆಲ್ಲ ಅದನ್ನು ಮುಖಕ್ಕೆ ಎರಚುತ್ತಿದ್ದೆ.

ಜೋರಾಗಿ ನಕ್ಕರೆ ಅವನು ಮೊಣಕಾಲು ಮಡಚಿ ನೆಲಕ್ಕೆ ಕುಸಿಯುತ್ತಿದ್ದ. ನಾಟಕ ಎಂದೆ. ಬರಬರುತ್ತಾ ನಗುವುದನ್ನೇ ಬಿಟ್ಟ. ಸಿಡುಕ ಎಂದೆ.

ಕಳೆದ ತಿಂಗಳು ಯೂನಿಫಾರ್ಮ್ ಬಿಗಿ ಮಾಡಿಸಲು ನರ್ಸಮ್ಮ ಬಂದಿದ್ದರು. ನನ್ನ ಯಾವುದೋ ತಮಾಷೆಗೆ ಅವನು ನಗು ತಡೆಯಲಾರದೆ ದೊಪ್ಪನೆ ಬಿದ್ದ.

"ಏಳ್ತಾನೆ ಬಿಡಿ, ಇವನ್ದು ಇದ್ದಿದ್ದೇ," ಅಂದೆ.

ಅವರು ಬಿಡಲಿಲ್ಲ. ಪಕ್ಕದಲ್ಲಿ ಕೂತು ಅವನನ್ನು ಮಾತಾಡಿಸುತ್ತಲೇ ಇದ್ದು, ಅವನು ಎದ್ದಮೇಲೆ ಕೇಳಿದರು: "ನಾನು ಮಾತಾಡಿದ್ದು ಕೇಳಿಸ್ತಾ?"

"ಎಲ್ಲಾ ಕೇಳಿಸ್ತು. ಮೈ ನನ್ನ ಮಾತು ಕೇಳ್ಲಿಲ್ಲ, ಅಷ್ಟೇ."

"ಇದು ನಾಟಕ ಅಲ್ಲ ಕಣ್ರೀ. ನಿದ್ದೆ ಕಾಯಿಲೆ ನೋಡೋ ಡಾಕ್ಟರಿಗೆ ತೋರ್ಸಿ."

ಆಸ್ಪತ್ರೆಯಲ್ಲಿ ಒಂದು ರಾತ್ರಿ, ಮರುದಿನದ ಹಗಲು, ಅವನ ತಲೆಗೆ ವೈರು ಅಂಟಿಸಿ ಮಲಗಿಸಿದರು. ಡಾಕ್ಟರು ನಾರ್ಕೊಲೆಪ್ಸಿ ಎಂದರು.

"ಎಚ್ಚರ ಹಿಡಿದಿಡೋ ರಾಸಾಯನಿಕ ಇವರ ಮೆದುಳಲ್ಲಿ ಕಡಿಮೆ. ನಕ್ಕಾಗ ಕುಸಿಯೋದೂ ಅದರಿಂದಲೇ. ಪೂರ್ತಿ ವಾಸಿ ಆಗಲ್ಲ, ಹತೋಟಿಗೆ ಬರುತ್ತೆ. ಮಾತ್ರೆ ತಪ್ಪಿಸ್ಬೇಡಿ. ದಿನಾ ಒಂದೇ ಹೊತ್ತಿಗೆ ಮಲಗ್ಲಿ. ಹಗಲು ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ನಿದ್ದೆ ಮಾಡ್ಲಿ."

"ಹಾಗಾದ್ರೆ... ಸೋಮಾರಿತನ ಅಲ್ವಾ?"

"ಇಷ್ಟು ನಿದ್ದೆ ಹೊತ್ಕೊಂಡು ಹನ್ನೊಂದು ವರ್ಷ ದುಡಿದಿದಾರಲ್ಲಮ್ಮ!"

ನಾನು ತಮ್ಮನ ಕಡೆ ತಿರುಗಿದೆ. ಅವನು ನನ್ನನ್ನು ನೋಡದೆ ಕಿಟಕಿ ನೋಡುತ್ತಿದ್ದ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಹಾಸಿಗೆ ಹಾಸಿದೆ. ಚೊಂಬನ್ನು ಮನೆಗೆ ಒಯ್ದೆ. ಮೊದಲ ದಿನ ಅವನು, "ಹೊತ್ತಾದ್ಮೇಲೆ ಎಬ್ಬಿಸಕ್ಕ," ಎಂದು ಸಂಕೋಚದಿಂದಲೇ ಮಲಗಿದ. ಮಷೀನಿನ ಸದ್ದು ಬೇಡವೆಂದು ಗುಂಡಿ ಹಚ್ಚುತ್ತಾ ಕೂತೆ. ಮಲಗಿದ ಅವನ ಮುಖವನ್ನು ಅಷ್ಟು ಹೊತ್ತು ನೋಡಿದ್ದೂ ಅದೇ ಮೊದಲು. ಕಿವಿಯ ಬಳಿ ಕೂದಲು ನರೆತಿತ್ತು.

ಇಪ್ಪತ್ತು ನಿಮಿಷಕ್ಕೆ ಮೆಲ್ಲಗೆ ಭುಜ ಮುಟ್ಟಿದೆ. ಕಣ್ಣು ಬಿಡುವ ಮೊದಲೇ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಎದ್ದೆ ಅಕ್ಕ, ಎದ್ದೆ! ನೀರು ಬೇಡ!"

"ತಪ್ಪಾಯ್ತು ಕಣೋ," ಎಂದೆ. "ಇನ್ನೈದು ನಿಮಿಷ ಮಲ್ಕೋ."

ಅವನು ಮಲಗಲಿಲ್ಲ. ಬೆರಳ ಸಂದಿಯಿಂದ ನನ್ನ ಕೈಯನ್ನೇ ನೋಡುತ್ತಿದ್ದ.