ತೋಳಿನ ಚೂಡಿ

ಮೊಮ್ಮಗಳು ಮನಿಷಾ ಮೊಬೈಲಿನಲ್ಲಿ ಹಳೆಯ ಚಿತ್ರವೊಂದನ್ನು ತೋರಿಸಿದಾಗ ಹೊಲಿಗೆಯವಳಾದ ನಾನು ಮುಖ ನೋಡಲಿಲ್ಲ, ತೋಳನ್ನೇ ನೋಡಿದೆ. ಸುಲ್ತಾನರ ಕಾಲದ ಬಿಲ್ಲುಗಾರ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವನ ಅಂಗಿಯ ತೋಳಿನ ತುಂಬ ಸುಕ್ಕು. ಬೀದರಿನ ಕಾಲೇಜಿನ ನಾಟಕದಲ್ಲಿ ಬಿಲ್ಲುಗಾರನ ಪಾರ್ಟು ಮನಿಷಾಳದು. ಅಂಥದೇ ಅಂಗಿ ಹೊಲಿಯುವ ಕೆಲಸ ಭಾಲ್ಕಿಯಲ್ಲಿದ್ದ ನನಗೆ ಬಂತು.

ಸುಕ್ಕುಗಳನ್ನು ನಿರಿಗೆಯೆಂದು ತಿಳಿದೆ. ಉದ್ದನೆಯ ಬಟ್ಟೆ ತೆಗೆದುಕೊಂಡು, ಒಂದೊಂದೇ ನಿರಿಗೆ ಹಿಡಿದು ಕೈಹೊಲಿಗೆ ಹಾಕಿ ಕೂರಿಸಿದೆ. ನೋಡಲು ಥೇಟ್ ಚಿತ್ರದ ಹಾಗೆಯೇ ಇತ್ತು. ತಾಲೀಮಿನ ದಿನ ಬೆಳಿಗ್ಗೆ ಮನಿಷಾ ಮನೆಯಲ್ಲೇ ಅದನ್ನು ತೊಟ್ಟು ಬಿದಿರಿನ ಬಿಲ್ಲು ಎತ್ತಿದಳು. ದಾರ ಎಳೆಯಲು ಹೋದರೆ ಕೈ ಮಡಚಲೇ ಇಲ್ಲ.

“ಆಯಿ, ಮೊಣಕೈ ಬಗ್ಗಲ್ದು! ಇವತ್ತ ಬಾಣ ಬಿಡ್ಲಿಲ್ಲಂದ್ರ ಸರ್ ನನ್ನ ಪಾರ್ಟು ಶೀತಲಗ ಕೊಡ್ತಾರ.”

ಪಕ್ಕದ ಮನೆಯ ಕುಲಸುಮಬೀ ಬಾಗಿಲಲ್ಲೇ ನಿಂತು ನಕ್ಕಳು. “ಏನ್ರಿ ಅಕ್ಕಾ, ಪೋರಿ ಕೈ ಮುರದಾದೇನ್ರಿ? ಪಲಸ್ತರ ಹಾಕೀರಿ?”

“ನಗಬ್ಯಾಡ ಮಾರಾಯ್ತಿ. ಚಿತ್ರದಾಗ ನಿರಿಗಿ ಹಾಂಗೇ ಅವ, ನೋಡು.”

ಕುಲಸುಮಬೀ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದಳು. “ನಿರಿಗಿ ಎಲ್ಲಿ ಅವ್ರಿ? ಇವು ಚೂಡಿ.”

“ಗಂಡಸು ಬಳಿ ಯಾಕ ಹಾಕ್ಕೊಂಡಾನ?”

“ಕೈಬಳಿ ಅಲ್ರಿ! ಈ ಪೋರಿ ಕಾಲಾಗ ಏನದ?”

“ಚೂಡಿದಾರ.”

“ಮತ್ತ ಅದರಾಗ ಚೂಡಿ ಎಲ್ಲಿ ಅವ, ಹೇಳ್ರಿ?”

ಎಷ್ಟೋ ಚೂಡಿದಾರ ಹೊಲಿದಿದ್ದೇನೆ. ಅದಕ್ಕೆ ಆ ಹೆಸರು ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮನಿಷಾಳ ಪಾದದ ಬಳಿ ಕೂತು ಬಗ್ಗಿ ನೋಡಿದೆ. ಕಣಕಾಲಿನ ಸುತ್ತ ಬಟ್ಟೆ ಬಳೆಬಳೆಯಾಗಿ ಕೂತಿತ್ತು. ತುದಿ ಹಿಡಿದು ಕೆಳಗೆ ಎಳೆದೆ. ಬಳೆಗಳೆಲ್ಲ ಮಾಯ, ಬಟ್ಟೆ ಹೆಬ್ಬೆರಳನ್ನೇ ಮುಚ್ಚಿತು. ಅವನ್ನು ಯಾರೂ ಹೊಲಿದಿರಲಿಲ್ಲ. ಕಾಲಿಗಿಂತ ಬಟ್ಟೆ ಉದ್ದ, ತುದಿ ಬಿಗಿ, ಅಷ್ಟೇ.

“ಆಯಿ, ಕಚಗುಳಿ ಆಗ್ತದ, ಬಿಡು!”

ನಿರಿಗೆಗಳ ಹೊಲಿಗೆ ಬಿಚ್ಚತೊಡಗಿದೆ. ಇನ್ನೊಂದು ತೋಳನ್ನು ಕುಲಸುಮಬೀ ಹಿಡಿದಳು. ಅವಸರ ಮಾಡಿದರೆ ಬಟ್ಟೆ ಹರಿಯುತ್ತದೆ. ಬೀದರಿನ ಒಂದು ಬಸ್ಸು ಹೋದರೆ ಹೋಗಲಿ ಎಂದೆ. ಬಿಚ್ಚಿದ ತೋಳು ಮನಿಷಾಳ ಬೆರಳು ದಾಟಿ ಜೋತುಬಿತ್ತು.

“ನನ್ನ ಕೈನೇ ಕಾಣಲ್ದು!” ಅವಳಿಗೆ ಅಳುವೇ ಬಂತು.

ಮಣಿಕಟ್ಟಿನಲ್ಲಿ ಸಣ್ಣ ಸೀಳು ಬಿಟ್ಟು, ಹುಕ್ಕು ಹಚ್ಚಿ ಬಿಗಿ ಮಾಡಿದೆ. ಬಟ್ಟೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆ. ಸುಕ್ಕುಗಳು ತಾವೇ ಬಂದು ಕೂತವು.

ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಕಾಲೇಜಿನ ಅಂಗಳದಲ್ಲಿ ನಾಟಕ ಕಲಿಸುವ ಮುನೀರೋದ್ದೀನ ಸರ್, “ಎಳಿ ನೋಡಮಾ” ಎಂದರು. ಅವಳ ಜೊತೆಯವಳಾದ ಶೀತಲ, ಬಿಲ್ಲುಗಾರನ ಪಾರ್ಟಿನ ಮಾತು ಬಾಯಿಪಾಠ ಮಾಡಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಮನಿಷಾ ಬಿಲ್ಲು ಎತ್ತಿ ದಾರ ಎಳೆದಳು. ಮೊಣಕೈ ಮಡಚುತ್ತಿದ್ದಂತೆ ಅಲ್ಲಿಯ ಬಳೆಗಳು ಒಂದೊಂದಾಗಿ ಬಿಚ್ಚಿಕೊಂಡು ಕೈಗೆ ಜಾಗ ಕೊಟ್ಟವು. ಬಾಣ ಹಾರಿ ಸರ್ ಅವರ ಚಹಾದ ಕಪ್ಪನ್ನು ಉರುಳಿಸಿತು.

“ಪಾರ್ಟು ನಿಂದೇ ಇರ್ಲಿ,” ಎಂದರು ಸರ್, ಪ್ಯಾಂಟು ಒರೆಸಿಕೊಳ್ಳುತ್ತ. “ನಾಳಿಂದ ಆ ಕಡಿ ಮುಖ ಮಾಡಿ ಬಿಡು.”

ಎಲ್ಲರೂ ನಕ್ಕರು. ನಾನು ಎದ್ದು ಮನಿಷಾಳ ಹತ್ತಿರ ಹೋಗಿ ನಿಂತೆ.

“ಇನ್ನೊಮ್ಮಿ ಎಳಿ. ಬಾಣ ಬ್ಯಾಡ, ಸಾವಕಾಶ ಎಳಿ. ಬಿಲ್ಲು ಹಿಡದ ಕೈ ಸೆಟದು ನಿಲ್ತದಲ್ಲ, ಅದರಾಗಿನ ಚೂಡಿ ಏನ್ ಮಾಡ್ತಾವ ನೋಡೂದು ಉಳದಾದ.”